ಸೆಕೆಂಡ್ ಹ್ಯಾಂಡ್ ದೊಡ್ಡ ಸಿಡಿ ಪ್ಲೇಯರಾ, ಹೊಸದಾ? ಎರಡನ್ನೂ ಕೊಂಡ ಮೇಲೆ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಆಂಪ್ಲಿಫೈಯರ್ ಸೆಕೆಂಡ್ ಹ್ಯಾಂಡ್ ಕೊಳ್ಳಲು ನನಗೆ ಭಯವಿಲ್ಲ, ಸ್ಪೀಕರ್ ಕೊಳ್ಳಲೂ ಇಲ್ಲ. ಸಿಡಿ ಪ್ಲೇಯರ್ ಹಾಗಲ್ಲ. ಅದರಲ್ಲಿ ತಿರುಗುವ ಮೋಟರ್ ಇದೆ, ಸಿಡಿ ಓದುತ್ತಾ ಓಡಾಡುವ ಹೆಡ್ ಇದೆ, ದಿನದಿನಕ್ಕೂ ಶಕ್ತಿ ಕಳೆದುಕೊಳ್ಳುವ ಲೇಸರ್ ಇದೆ. ಎಷ್ಟೇ ದೊಡ್ಡ ಹೆಸರಿನ ಪ್ಲೇಯರ್ ಆಗಲಿ, ಇವು ಕೈಕೊಟ್ಟ ದಿನ ಹಾಡು ನಿಂತಿತು ಅಂತಲೇ ಲೆಕ್ಕ. ಎರಡು ವರ್ಷದಲ್ಲಿ ನಾನು ಹಳೆಯದೊಂದು, ಹೊಸದೊಂದು ಕೊಂಡೆ. ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ತಿರುಗುವ ಭಾಗ ಹೊಸದಿರಲಿ, ತಿರುಗದ ಭಾಗ ಹಳೆಯದಾದರೂ ನಡೆಯುತ್ತದೆ. ಈ ಮಾತಿಗೆ ಹೇಗೆ ಬಂದೆ ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ನಾನು ಕೊಳ್ಳುವ ಮೊದಲು ಇದನ್ನು ಕನ್ನಡದಲ್ಲಿ ಹೇಳುವವರು ನನಗೆ ಯಾರೂ ಸಿಗಲಿಲ್ಲ.

ನಮ್ಮ ಮನೆ ದಾವಣಗೆರೆಯ ಹದಡಿ ರಸ್ತೆ ಕಡೆ. ನನ್ನ ಹತ್ತಿರ 340 ಸಿಡಿ ಇವೆ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಒಂದು ಪೂರ್ತಿ ಸಾಲು ಸಿ. ಅಶ್ವಥ್ ಅವರ ಭಾವಗೀತೆಗಳು, ಆಮೇಲೆ ಜಾತ್ರೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ ತತ್ವಪದ, ವಚನ, ರಂಗಗೀತೆ. ಮೊಬೈಲಿನಲ್ಲಿ ಎಲ್ಲಾ ಸಿಗುತ್ತದಲ್ಲ ಅಂತ ಎಲ್ಲರೂ ಹೇಳುತ್ತಾರೆ. ಎಲ್ಲಾ ಸಿಗುವುದಿಲ್ಲ. ಸಣ್ಣ ಕಂಪನಿಗಳು ಒಂದೇ ಸಲ ಅಚ್ಚು ಹಾಕಿ ನಿಲ್ಲಿಸಿದ ಸಿಡಿಗಳಲ್ಲಿ ಕೆಲವನ್ನು ನಾನು ಮೊಬೈಲಿನಲ್ಲಿ ಹುಡುಕಿ ಹುಡುಕಿ ಸೋತಿದ್ದೇನೆ. ಹಾಗಾಗಿ ನನಗೆ ಒಳ್ಳೆಯ ಪ್ಲೇಯರ್ ಬೇಕೇ ಬೇಕಿತ್ತು. ಕೈಯಲ್ಲಿ ಇದ್ದದ್ದು ಹೆಚ್ಚೆಂದರೆ ಒಂದು ಲಕ್ಷ.

ಬೆಂಗಳೂರಿನಲ್ಲಿರುವ ನಮ್ಮ ಭಾವ ಒಂದು ಜಾಹೀರಾತು ಕಳಿಸಿದರು. 2007ರ ಪ್ಲೇಯರ್. ಹೊಸದಾಗಿದ್ದಾಗ ಮೂರು ಲಕ್ಷ ದಾಟಿದ್ದಂತೆ, ಈಗ ಕೇಳುತ್ತಿದ್ದದ್ದು 72,000. ಕಂಪನಿಯ ಹೆಸರು, ಮಾರಿದವರ ಹೆಸರು ಇಲ್ಲಿ ಬೇಡ. ಹೋಗಿ ಕೇಳಿದೆ. 14 ಕೆಜಿ ತೂಕ, ಮುಂದೆ ದಪ್ಪ ಅಲ್ಯೂಮಿನಿಯಂ ಹಲಗೆ, ಟ್ರೇ ಹೊರಬರುವಾಗ ಒಂದು ಚೂರೂ ಸದ್ದಿಲ್ಲ. ಮನಸೂರರ ಸಿಡಿ ನಾನೇ ತಗೊಂಡು ಹೋಗಿದ್ದೆ. ತಂಬೂರಿ ಶುರುವಾದ ಕೂಡಲೇ ನನಗೆ ಗೊತ್ತಾಯಿತು, ಇದು ನಾನು ಇಲ್ಲಿಯವರೆಗೆ ಕೇಳಿದ್ದಕ್ಕಿಂತ ಬೇರೆ ಅಂತ. ತಂತಿಯ ಝೇಂಕಾರ ಹಿಂದೆ ಹರಡಿಕೊಂಡು ನಿಂತಿತ್ತು, ಅದರ ಮುಂದೆ ಅವರ ದನಿ, ಉಸಿರು ಎಳೆದುಕೊಳ್ಳುವುದೂ ಕೇಳುತ್ತಿತ್ತು. ತಬಲಾದ ಎಡಗೈ ಪೆಟ್ಟು ಎದೆಗೆ ತಾಗುವ ಹಾಗೆ ಬಂತು. ಮಾರುವವರು ಹಿಂದುಗಡೆ ತೋರಿಸಿ, ಇದರಲ್ಲಿ ಡಿಜಿಟಲ್ ಇನ್‌ಪುಟ್ ಕೂಡ ಇದೆ ಸರ್ ಅಂದರು. ಆ ಹೊತ್ತಿಗೆ ಅದು ನನಗೆ ಯಾವ ಉಪಯೋಗಕ್ಕೂ ಬೇಕಿರಲಿಲ್ಲ. ಹಣ ಕೊಟ್ಟು, ಹಿಂದಿನ ಸೀಟಿನಲ್ಲಿ ರಗ್ಗು ಹಾಸಿ, ಬೆಲ್ಟ್ ಕಟ್ಟಿ, 260 ಕಿಲೋಮೀಟರ್ ನಿಧಾನವಾಗಿ ಓಡಿಸಿಕೊಂಡು ಬಂದೆ.

ಐದು ತಿಂಗಳು ಬಹಳ ಚೆನ್ನಾಗಿತ್ತು. ಇದನ್ನು ನಾನು ಮರೆಮಾಡುವುದಿಲ್ಲ. ಆಮೇಲೆ ಬೇಸಿಗೆ ಬಂತು. 70 ನಿಮಿಷ ದಾಟಿದ ಸಿಡಿಗಳಲ್ಲಿ ಕೊನೆಯ ಹಾಡು ತಡವರಿಸಲು ಶುರುವಾಯಿತು. ಬೆಳಿಗ್ಗೆ ಸರಿ, ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ತಪ್ಪು. ಆಮೇಲೆ ಮನೆಯಲ್ಲೇ ಬರೆದ ಸಿಡಿ-ಆರ್‌ಗಳನ್ನು ಗುರುತಿಸುವುದು ನಿಲ್ಲಿಸಿತು. ಒಂದು ದಿನ ಯಾವ ಸಿಡಿ ಹಾಕಿದರೂ ಒಳಗೆ ಡಿಸ್ಕೇ ಇಲ್ಲ ಅಂತ ತೋರಿಸಿತು.

ಅಶೋಕ ರಸ್ತೆಯ ಒಂದು ಸಂದಿಯಲ್ಲಿ ಹಳೆಯ ರೇಡಿಯೊ, ಟೇಪ್ ರೆಕಾರ್ಡರ್ ಕಾಲದಿಂದ ರಿಪೇರಿ ಮಾಡುತ್ತಾ ಬಂದ ಒಬ್ಬರು ಇದ್ದಾರೆ. ಮುಚ್ಚಳ ಬಿಚ್ಚಿ, ಕನ್ನಡಕ ಹಣೆಗೇರಿಸಿ, ಹತ್ತು ನಿಮಿಷ ಸುಮ್ಮನೆ ನೋಡಿದರು.

"ಎಷ್ಟು ಕೊಟ್ರಿ ಸರ್ ಇದಕ್ಕೆ?"

ಹೇಳಿದೆ.

"ಬೋರ್ಡ್ ಎಲ್ಲಾ ಚೊಲೋ ಐತೆ. ಸಪ್ಲೈ ಗಟ್ಟಿ ಐತೆ. ಲೆನ್ಸ್ ಹೋಗೈತೆ. ಇಲ್ ನೋಡ್ರಿ, ಈ ಪ್ರೀಸೆಟ್ ಯಾರೋ ತಿರುವ್ಯಾರೆ."

ನಮ್ಮ ಕಡೆ ರಿಪೇರಿಯವರು ಲೇಸರ್ ಹೆಡ್ಡಿಗೆ ಪೂರ್ತಿಯಾಗಿ 'ಲೆನ್ಸ್' ಅಂತಲೇ ಹೇಳುತ್ತಾರೆ. ಪ್ರೀಸೆಟ್ ಅಂದರೆ ಸಣ್ಣ ಸ್ಕ್ರೂಡ್ರೈವರ್‌ನಲ್ಲಿ ತಿರುಗಿಸುವ ಒಂದು ಪುಟ್ಟ ಗುಂಡಿ. ಅದನ್ನು ತಿರುಗಿಸಿದರೆ ಲೇಸರ್‌ಗೆ ಜಾಸ್ತಿ ಕರೆಂಟ್ ಹೋಗುತ್ತದೆ, ಸೋತ ಲೇಸರ್ ಕೂಡ ಕೆಲವು ತಿಂಗಳು ಓದುತ್ತದೆ. ಆದರೆ ಆ ಜಾಸ್ತಿ ಕರೆಂಟೇ ಅದನ್ನು ಬೇಗ ಸಾಯಿಸುತ್ತದೆ. ಯಾವ ಮಾಲೀಕರ ಕಾಲದಲ್ಲಿ ಯಾರು ತಿರುಗಿಸಿದರೋ ನಾನು ಊಹೆ ಮಾಡಲು ಹೋಗುವುದಿಲ್ಲ. ನನಗೆ ಬೇಕಾದ ಪಾಠ ಬೇರೆ ಇತ್ತು: ಹಾಗಾದರೆ ಬೆಂಗಳೂರಿನಲ್ಲಿ ಅಷ್ಟು ಚೆನ್ನಾಗಿ ಹೇಗೆ ಹಾಡಿತು?

ಇದನ್ನು ಅರ್ಥ ಮಾಡಿಕೊಂಡರೆ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಬಹಳ ಉಪಯೋಗ. ಸಿಡಿಯಲ್ಲಿ ಹಾಡು ಸೆಕೆಂಡಿಗೆ 44,100 ಸಲ ಅಳೆದ ಅಂಕಿಗಳಾಗಿ ಇರುತ್ತದೆ, ಒಂದೊಂದೂ 16 ಬಿಟ್. ಆ ಅಂಕಿಗಳನ್ನು ಸಾಲಾಗಿ ಬರೆದಿರುವುದಿಲ್ಲ, ಕಲಸಿ, ಚದುರಿಸಿ, ಜೊತೆಗೆ ತಪ್ಪು ತಿದ್ದುವ ಹೆಚ್ಚುವರಿ ಅಂಕಿಗಳನ್ನೂ ಸೇರಿಸಿ ಬರೆದಿರುತ್ತಾರೆ. ಸಣ್ಣ ಗೀರು, ಧೂಳು ಬಂದರೆ ಪ್ಲೇಯರ್ ಆ ಹೆಚ್ಚುವರಿ ಅಂಕಿಗಳಿಂದ ಕಳೆದದ್ದನ್ನು ಲೆಕ್ಕ ಹಾಕಿ ಹಾಗೇ ವಾಪಸ್ ತರುತ್ತದೆ. ಸುಮಾರು 2.5 ಮಿಲಿಮೀಟರ್ ಉದ್ದದಷ್ಟು ಸಾಲು ಹಾಳಾದರೂ ಪೂರ್ತಿ ಸರಿಪಡಿಸಬಲ್ಲದು. ಅದನ್ನೂ ಮೀರಿದರೆ ಅಕ್ಕಪಕ್ಕದ ಅಂಕಿ ನೋಡಿ ನಡುವಿನದನ್ನು ಅಂದಾಜು ಮಾಡುತ್ತದೆ. ಅದೂ ಆಗದಿದ್ದಾಗ ಮಾತ್ರ ಸದ್ದು ನಿಲ್ಲುವುದು, ಹಾರುವುದು. ಅಂದರೆ ಲೇಸರ್ ಎಷ್ಟೇ ದಣಿದಿರಲಿ, ಈ ತಿದ್ದುವ ವ್ಯವಸ್ಥೆ ಅದನ್ನು ಕೊನೆಯವರೆಗೂ ಮುಚ್ಚಿಕೊಂಡು ಬರುತ್ತದೆ. ಕಿವಿಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಟೇಪ್ ರೆಕಾರ್ಡರ್ ಆದರೆ ಹೆಡ್ ಸವೆದ ಹಾಗೆ ಸದ್ದು ಮಂಕಾಗುತ್ತಾ ಹೋಗುತ್ತಿತ್ತು, ಮುಂಚೆಯೇ ತಿಳಿಯುತ್ತಿತ್ತು. ಸಿಡಿಯಲ್ಲಿ ಆ ಎಚ್ಚರಿಕೆ ಇಲ್ಲ. ಮಾರುವವರ ಮನೆಯಲ್ಲಿ ಕೂತು ಎರಡು ಹಾಡು ಕೇಳಿ ಆಹಾ ಅಂದರೆ ನೀವು ಪರೀಕ್ಷೆ ಮಾಡಿದ್ದು ಒಳಗಿನ ಬೋರ್ಡನ್ನು, ಲೆನ್ಸನ್ನಲ್ಲ.

ನಾನೂ ಅದನ್ನೇ ಮಾಡಿದ್ದು.

ಲೆನ್ಸ್ ಹುಡುಕಲು ಮೂರು ತಿಂಗಳು ಹೋಯಿತು. ಇಲ್ಲೊಂದು ವಿಷಯ ಇದೆ. ಎಷ್ಟೋ ಪ್ಲೇಯರ್‌ಗಳಲ್ಲಿ, ದುಬಾರಿಯವೂ ಸೇರಿ, ಹೆಡ್ ಮಾತ್ರ ಸೋನಿ ಅಥವಾ ಫಿಲಿಪ್ಸ್ ಮಾಡಿದ್ದೇ ಆಗಿರುತ್ತದೆ. ಸೋನಿ ಕೆಎಸ್‌ಎಸ್-213 ಅನ್ನುವ ಹೆಡ್ ಸಾಮಾನ್ಯ ಸೆಟ್‌ಗಳಿಂದ ಹಿಡಿದು ಬೆಲೆಬಾಳುವ ಪ್ಲೇಯರ್‌ವರೆಗೆ ಎಲ್ಲೆಲ್ಲೋ ಕೂತಿದೆ, ಅದಕ್ಕೆ ಬದಲಿ ಈಗಲೂ ಸಿಗುತ್ತದೆ, ನಕಲಿಗಳ ಕಾಟ ಇದ್ದರೂ. ಆದರೆ ನನ್ನದು ಸೂಪರ್ ಆಡಿಯೊ ಸಿಡಿಯನ್ನೂ, ಅಂದರೆ ಮಾಮೂಲಿ ಸಿಡಿಗಿಂತ ಹೆಚ್ಚು ಅಂಕಿ ಹಿಡಿಸುವ ಇನ್ನೊಂದು ಬಗೆಯ ಡಿಸ್ಕನ್ನೂ, ಓದುವ ಪ್ಲೇಯರ್. ಮಾಮೂಲಿ ಸಿಡಿಗೆ 780 ನ್ಯಾನೊಮೀಟರ್ ಲೇಸರ್, ಸೂಪರ್ ಆಡಿಯೊ ಸಿಡಿಗೆ 650 ನ್ಯಾನೊಮೀಟರ್‌ದು, ಎರಡೂ ಒಂದೇ ಹೆಡ್ಡಿನಲ್ಲಿ. ಆ ಹೆಡ್ ತಯಾರಿ ನಿಂತು ಬಹಳ ಕಾಲವಾಗಿದೆ. ನನ್ನ ಹತ್ತಿರ ಒಂದೇ ಒಂದು ಸೂಪರ್ ಆಡಿಯೊ ಸಿಡಿ ಇಲ್ಲ! ನನಗೆ ಬೇಡವೇ ಬೇಡದ ಅನುಕೂಲವೊಂದು ಪ್ಲೇಯರಿನ ಜೀವಕ್ಕೆ ಮುಳುವಾಯಿತು. ಇದು ನನಗೆ ಇವತ್ತಿಗೂ ಸಂಕಟ. ಹಳೆಯ ಫಿಲಿಪ್ಸ್ ಹೆಡ್‌ಗಳ ಕಥೆಯೂ ಇದೇ. ಸಿಡಿಎಂ ಅಂತ ಶುರುವಾಗುವ ಹೆಸರಿನವು, ತೂಗುಗೋಲಿನ ಹಾಗೆ ಅರ್ಧಚಂದ್ರವಾಗಿ ಓಡಾಡುವಂಥವು, ಬಹಳ ಗಟ್ಟಿಮುಟ್ಟು, ಜನ ಅವುಗಳನ್ನು ದೇವರ ಹಾಗೆ ನೋಡುತ್ತಾರೆ. ಆದರೆ ಹೋದರೆ ಇನ್ನೊಂದು ಸತ್ತ ಪ್ಲೇಯರಿನಿಂದ ಕಿತ್ತು ತರಬೇಕು.

ನಮ್ಮೂರಿನ ಧೂಳಿನ ಬಗ್ಗೆಯೂ ಹೇಳಬೇಕು. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿವೆ, ಅದರ ಹೊಗೆ, ಕಪ್ಪು ಪುಡಿ ಗಾಳಿಯಲ್ಲಿ ಬಂದು ಕೂರುವುದು ಭಟ್ಟಿ ಹತ್ತಿರದ ಮನೆಯವರಿಗೆಲ್ಲ ಗೊತ್ತು. ಬೇಸಿಗೆಯಲ್ಲಿ ಕಿಟಕಿ ತೆಗೆಯದೆ ಇರಲು ಆಗುವುದಿಲ್ಲ. ಲೆನ್ಸ್ ಅಂದರೆ ಕಡಲೆಬೇಳೆಗಿಂತ ಚಿಕ್ಕ ಪ್ಲಾಸ್ಟಿಕ್ ಗೋಲಿ, ಸಣ್ಣ ತಂತಿಗಳ ಮೇಲೆ ತೇಲುತ್ತಾ ಇರುತ್ತದೆ. ಅದು ಓದುವ ಸಾಲುಗಳ ನಡುವಿನ ಅಂತರ 1.6 ಮೈಕ್ರಾನ್. ಕೂದಲಿನ ದಪ್ಪದಲ್ಲಿ ಅಂಥ ಮೂವತ್ತು ನಲವತ್ತು ಸಾಲು ಹಿಡಿಸುತ್ತವೆ. ಅದರ ಮೇಲೆ ಎಣ್ಣೆ ಕಲೆತ ಕಪ್ಪು ಪದರ ಕೂತರೆ ಏನಾಗಬಹುದು ನೀವೇ ಯೋಚಿಸಿ. ರಿಪೇರಿಯಣ್ಣ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಕಡ್ಡಿಯಲ್ಲಿ, ಒತ್ತದೆ, ಹೂವು ಮುಟ್ಟಿದ ಹಾಗೆ ಒರೆಸಿದರು. ಒಂದು ವಾರ ಓಡಿತು, ಮತ್ತೆ ನಿಂತಿತು. ಕೊಳೆ ಆಗಿದ್ದರೆ ಅಷ್ಟಕ್ಕೇ ಸರಿಹೋಗುತ್ತಿತ್ತು. ಅದಕ್ಕೇ ಹೇಳುವುದು, ಸೆಟ್ ತಪ್ಪು ಓದಿದ ಕೂಡಲೇ ಲೆನ್ಸ್ ಹೋಯಿತು ಅಂದುಕೊಳ್ಳಬೇಡಿ, ಮೊದಲು ಒರೆಸಿ ನೋಡಿ. ಆದರೆ ಬ್ರಷ್ ಇರುವ ಕ್ಲೀನಿಂಗ್ ಸಿಡಿ ನಾನಂತೂ ಹಾಕುವುದಿಲ್ಲ.

ಇಷ್ಟಾದ ಮೇಲೆ ಹೊಸದಕ್ಕೆ ಬಂದೆ. ಬೆಂಗಳೂರಿನ ಒಂದು ಶೋರೂಮಿನಲ್ಲಿ ಒಂದೂವರೆ ಲಕ್ಷ ದಾಟಿದ ಹೊಸ ಪ್ಲೇಯರನ್ನು ನನ್ನದೇ ಐದು ಸಿಡಿ ಹಾಕಿ ಮಧ್ಯಾಹ್ನವೆಲ್ಲಾ ಕೇಳಿದೆ. ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಆದರೆ ನನ್ನ ಕೈಯಲ್ಲಿ ಅಷ್ಟು ಹಣ ಉಳಿದಿರಲಿಲ್ಲ. ಪಕ್ಕದಲ್ಲೇ ಮರಾಂಟ್ಜ್ ಸಿಡಿ6007 ಇತ್ತು, 2020ರಲ್ಲಿ ಬಂದ ಮಾದರಿ. ದುಬಾರಿಯದನ್ನು ಕೇಳಿದ ಕಿವಿಯಲ್ಲೇ ಇದನ್ನು ಕೇಳಿದೆ. ವ್ಯತ್ಯಾಸ ಇತ್ತು, ಬೆಲೆಯಲ್ಲಿ ಇದ್ದಷ್ಟು ಇರಲಿಲ್ಲ. ಬಿಲ್ಲು, ವಾರಂಟಿ ಕಾರ್ಡ್ ಸಮೇತ ಅದನ್ನೇ ತಗೊಂಡೆ.

ಹದಿನಾಲ್ಕು ತಿಂಗಳಾಯಿತು. ಒಂದೇ ಒಂದು ಸಿಡಿಯನ್ನೂ ಅದು ಬೇಡ ಅಂದಿಲ್ಲ. ಗೀರು ಬಿದ್ದವು, 2003ರಲ್ಲಿ ನಾನು ಕಂಪ್ಯೂಟರಿನಲ್ಲಿ ಬರೆದಿಟ್ಟ ಸಿಡಿ-ಆರ್‌ಗಳು, ಎಲ್ಲವನ್ನೂ ಓದುತ್ತದೆ. ಒಳಗೆ ಅಸಾಹಿ ಕಾಸೆ ಕಂಪನಿಯ ಎಕೆ4490 ಡ್ಯಾಕ್ ಇದೆ. ಡ್ಯಾಕ್ ಅಂದರೆ ಸಿಡಿಯಿಂದ ಓದಿದ ಅಂಕಿಗಳನ್ನು ಸದ್ದಿನ ಸಿಗ್ನಲ್ ಆಗಿ ಬದಲಿಸುವ ಭಾಗ. ಸದ್ದಿನ ಸ್ವಭಾವ ಸ್ವಲ್ಪ ಬದಲಿಸುವ ಎರಡು ಫಿಲ್ಟರ್ ಕೊಟ್ಟಿದ್ದಾರೆ, ರಿಮೋಟಿನಲ್ಲೇ ಬದಲಿಸಬಹುದು. ವ್ಯತ್ಯಾಸ ಬಹಳ ಸಣ್ಣದು. ನಾನು ಒಂದನ್ನು ಇಟ್ಟುಕೊಂಡು ಮರೆತಿದ್ದೇನೆ. ಹೆಡ್‌ಫೋನ್ ಜಾಗ ನಿಜಕ್ಕೂ ಚೆನ್ನಾಗಿದೆ, ಗೇನ್, ಅಂದರೆ ಸದ್ದಿನ ಬಲ, ಬದಲಿಸಬಹುದು, ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅದರಲ್ಲೇ ಕೇಳುತ್ತೇನೆ. ಮುಂದುಗಡೆಯ ಯುಎಸ್‌ಬಿ ಒಮ್ಮೆಯೂ ಉಪಯೋಗಿಸಿಲ್ಲ. ಅಶ್ವಥ್ ಅವರ ದನಿಯ ಗಡಸು, ಪದ ಎತ್ತಿ ಒಗೆಯುವ ರೀತಿ, ಹಿಂದಿನ ಕೊಳಲು, ಎಲ್ಲಾ ಸ್ವಚ್ಛವಾಗಿ, ಬಿಡಿಬಿಡಿಯಾಗಿ ಕೇಳುತ್ತದೆ.

ಹಳೆಯದಕ್ಕೆ ಸಮನಾ? ಇಲ್ಲ. ತಬಲಾದ ಎಡಗೈಯಲ್ಲಿ ಆ ತೂಕ ಇಲ್ಲ, ತಂಬೂರಿ ಹಿಂದೆ ಅಷ್ಟು ದೂರ ಹರಡುವುದಿಲ್ಲ. ಆದರೆ ಹೋಲಿಸುವಾಗ ಒಂದು ಎಚ್ಚರ. ಪ್ಲೇಯರ್‌ಗಳ ಔಟ್‌ಪುಟ್ ಸಾಮಾನ್ಯವಾಗಿ 2 ವೋಲ್ಟ್ ಆಸುಪಾಸು, ಕೆಲವು ಸ್ವಲ್ಪ ಜಾಸ್ತಿ ಕೊಡುತ್ತವೆ. ಜಾಸ್ತಿ ಕೊಟ್ಟದ್ದು ಕಿವಿಗೆ ಚೆಂದ ಅನಿಸುತ್ತದೆ, ಅದು ನಮ್ಮೆಲ್ಲರ ಕಿವಿಯ ಸ್ವಭಾವ. ವಾಲ್ಯೂಮ್ ಸಮ ಮಾಡಿ ಕೇಳಿದರೆ ಅಂಗಡಿಯಲ್ಲಿ ಬೆಟ್ಟದಷ್ಟು ಕಂಡ ಎಷ್ಟೋ ವ್ಯತ್ಯಾಸ ಕರಗಿಹೋಗುತ್ತದೆ. ನಾನು ಮೊಬೈಲಿನ ಸದ್ದು ಅಳೆಯುವ ಆ್ಯಪ್ ಇಟ್ಟು ಸಮ ಮಾಡಿಯೇ ಕೇಳಿದ್ದು. ಆಮೇಲೂ ಉಳಿದ ವ್ಯತ್ಯಾಸವನ್ನೇ ಮೇಲೆ ಬರೆದದ್ದು. ಆದರೆ ಹಳೆಯದು ಸತ್ತಿತ್ತಲ್ಲ, ಹೋಲಿಸಿದ್ದು ಹೇಗೆ ಅಂತ ಕೇಳುತ್ತೀರಿ.

ಅದನ್ನೇ ಈಗ ಹೇಳುತ್ತೇನೆ. ಒಂದು ಭಾನುವಾರ ರಿಪೇರಿಯಣ್ಣನ ಅಂಗಡಿಗೆ ಸೆಟ್ ವಾಪಸ್ ತರಲು ಹೋದೆ. ಹಿಂದುಗಡೆ ಬೆರಳಿಟ್ಟು ಅವರೇ ಕೇಳಿದರು, "ಸರ್, ಇದ್ರಾಗೆ ಡಿಜಿಟಲ್ ಇನ್ ಐತಲ್ಲ, ನಿಮ್ಮ ಹೊಸದ್ರಿಂದ ಒಂದು ವೈರ್ ಎಳೀರಿ. ಅದು ಓದ್ಲಿ, ಇದು ಹಾಡ್ಲಿ." ಆ ಮಾತು ಕೇಳಿ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಹೊಸ ಮರಾಂಟ್ಜ್ ಹಿಂದೆ ಕೋಆಕ್ಸಿಯಲ್, ಆಪ್ಟಿಕಲ್ ಎರಡೂ ಡಿಜಿಟಲ್ ಔಟ್ ಇವೆ. ಸಿಡಿಯಿಂದ ಓದಿದ ಅಂಕಿಗಳು ಹಾಗೇ ಹೊರಗೆ ಬರುತ್ತವೆ. ಹಳೆಯದರ ಲೆನ್ಸ್ ಸತ್ತರೂ ಅದರ ಡ್ಯಾಕ್, ಅದರ ದೊಡ್ಡ ಟ್ರಾನ್ಸ್‌ಫಾರ್ಮರ್, ಅದರ ಆಡಿಯೊ ಬೋರ್ಡ್ ಎಲ್ಲಾ ಗಟ್ಟಿಯಾಗಿಯೇ ಇದ್ದವು. ಮೂರು ಲಕ್ಷದ ಪ್ಲೇಯರಿನಲ್ಲಿ ಬೆಲೆ ಇರುವುದೇ ಅಲ್ಲಿ. 75 ಓಮ್‌ನ ಒಂದು ಕೇಬಲ್ ತಂದು ಎಳೆದೆ. ಮನಸೂರರ ಅದೇ ಸಿಡಿ. ಬೆಂಗಳೂರಿನ ಆ ಮನೆಯಲ್ಲಿ ಕೇಳಿದ ತಂಬೂರಿ ನಮ್ಮ ಹಜಾರದಲ್ಲಿ ಮತ್ತೆ ಬಂತು. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ನಿಂತು, ರಿಪೇರಿ ಆಯ್ತಾ ಅಂತ ಕೇಳಿದಳು.

ಈಗ ನಾನು ಮತ್ತೆ ಶುರುವಿನಿಂದ ಕೊಳ್ಳುವುದಾದರೆ ಎರಡು ದಾರಿ ನೋಡುತ್ತೇನೆ. ಒಂದು, ಹೊಸ ಸಾಧಾರಣ ಪ್ಲೇಯರ್, ಅಥವಾ ಆಡಿಯೊಲ್ಯಾಬ್ 6000ಸಿಡಿಟಿ ಥರ ಡ್ಯಾಕ್ ಇಲ್ಲದ, ಬರೀ ಓದುವ ಟ್ರಾನ್ಸ್‌ಪೋರ್ಟ್ ಹೊಸದು ತಗೊಂಡು, ಅದಕ್ಕೆ ಸೆಕೆಂಡ್ ಹ್ಯಾಂಡ್ ಒಳ್ಳೆಯ ಡ್ಯಾಕ್ ಜೋಡಿಸುವುದು. ಡ್ಯಾಕ್‌ನಲ್ಲಿ ತಿರುಗುವುದು ಏನೂ ಇಲ್ಲ, ಹತ್ತು ವರ್ಷ ಹಳೆಯದಾದರೂ ಹೆಚ್ಚೆಂದರೆ ಕೆಪಾಸಿಟರ್ ಬದಲಿಸಬೇಕಾಗಬಹುದು, ಅದನ್ನು ನಮ್ಮೂರಿನಲ್ಲೇ ಮಾಡುತ್ತಾರೆ. ಎರಡನೆಯದು, ಹಳೆಯ ದೊಡ್ಡ ಪ್ಲೇಯರೇ ಬೇಕು ಅನ್ನುವ ಹಟ ಇದ್ದರೆ, ಅದರ ಹೆಡ್ ಯಾವುದು ಅಂತ ಮೊದಲು ಪತ್ತೆ ಮಾಡಿ, ಬದಲಿ ಹೆಡ್ ಕೈಗೆ ಬಂದ ಮೇಲೆ ಪ್ಲೇಯರ್ ಕೊಳ್ಳುವುದು. ಹೌದು, ಮೊದಲು ಲೆನ್ಸ್, ಆಮೇಲೆ ಪ್ಲೇಯರ್. ಹೆಡ್ ಬದಲಿಸುವವರಿಗೆ ಒಂದು ಮಾತು ನೆನಪಿಸಿ, ಹೊಸ ಹೆಡ್‌ಗಳಲ್ಲಿ ಸ್ಟ್ಯಾಟಿಕ್‌ನಿಂದ ಕಾಪಾಡಲು ಸಣ್ಣ ಸೋಲ್ಡರ್ ಚುಕ್ಕೆ ಹಾಕಿ ಶಾರ್ಟ್ ಮಾಡಿರುತ್ತಾರೆ, ಕೂರಿಸಿದ ಮೇಲೆ ಅದನ್ನು ತೆಗೆಯಬೇಕು. ತೆಗೆಯದೆ ಹೊಸ ಹೆಡ್ಡೇ ಸರಿಯಿಲ್ಲ ಅಂತ ಬಿಸಾಕಿದವರೂ ಇದ್ದಾರೆ.

ನೋಡಲು ಹೋಗುವಾಗ ನಿಮ್ಮದೇ ಸಿಡಿ ತಗೊಂಡು ಹೋಗಿ. ಒಂದು 74 ನಿಮಿಷದ್ದು ಇರಲಿ. ಸಿಡಿ ಒಳಗಿನಿಂದ ಹೊರಗೆ ಓದುತ್ತದೆ, ಗ್ರಾಮಫೋನ್ ತಟ್ಟೆಯ ಉಲ್ಟಾ, ಹಾಗಾಗಿ ಕೊನೆಯ ಹಾಡು ಅಂಚಿನಲ್ಲಿರುತ್ತದೆ. ಒಂದನೇ ಹಾಡಿನಿಂದ ಕೊನೆಯದಕ್ಕೆ, ಅಲ್ಲಿಂದ ಮತ್ತೆ ಒಂದಕ್ಕೆ, ಹತ್ತು ಸಲ ಹಾರಿಸಿ. ಎಷ್ಟು ಸೆಕೆಂಡ್ ತಗೊಳ್ಳುತ್ತದೆ, ಒಳಗೆ ಕಿರ್ ಅನ್ನುತ್ತದಾ ಗಮನಿಸಿ. ಒಂದು ಸಿಡಿ-ಆರ್ ಹಾಕಿ, ಅದರಿಂದ ಬೆಳಕು ಕಡಿಮೆ ವಾಪಸ್ ಬರುತ್ತದೆ, ಸೋತ ಲೇಸರ್ ಅಲ್ಲೇ ಸಿಕ್ಕಿಬೀಳುತ್ತದೆ. ಎಲ್ಲಕ್ಕಿಂತ ಮುಖ್ಯ, ಒಂದು ಗಂಟೆ ಓಡಿಸಿ, ಬಿಸಿಯಾದ ಮೇಲೆ ಇದೆಲ್ಲ ಇನ್ನೊಮ್ಮೆ ಮಾಡಿ. ಮಾರುವವರು ಟೀ ಕೊಟ್ಟರೆ ಕುಡಿಯುತ್ತಾ ಕೂತಿರಿ, ಅವಸರ ಬೇಡ. ಊರಿಂದ ಊರಿಗೆ ತರುವುದಾದರೆ ಸಿಡಿ ತೆಗೆದು ಟ್ರೇ ಮುಚ್ಚಿರಿ. ಕೆಲವು ಸೆಟ್‌ಗಳ ಅಡಿಯಲ್ಲಿ ಹೆಡ್ ಅಲುಗದ ಹಾಗೆ ಬಿಗಿಯುವ ಸ್ಕ್ರೂ ಇರುತ್ತದೆ, ಅದನ್ನು ಬಿಗಿಯಿರಿ, ಮನೆಗೆ ಬಂದು ಬಿಚ್ಚಲು ಮರೆಯಬೇಡಿ. ಬಸ್ ಪಾರ್ಸೆಲ್‌ನಲ್ಲಿ ನಾನಂತೂ ತರಿಸುವುದಿಲ್ಲ.

ಹೊಸದು ಕೊಳ್ಳುವವರು ಕೇಳಬೇಕಾದದ್ದೂ ಒಂದಿದೆ. ವಾರಂಟಿಯಲ್ಲಿ ರಿಪೇರಿ ಬಂದರೆ ಸೆಟ್ ಬೆಂಗಳೂರಿಗೆ ಯಾರು ಸಾಗಿಸಬೇಕು, ಖರ್ಚು ಯಾರದು? ಬಾಯಿಮಾತು ಬೇಡ, ಬರೆಸಿಕೊಳ್ಳಿ. ಡಬ್ಬ, ಥರ್ಮೋಕೋಲ್ ಅಟ್ಟದ ಮೇಲೆ ಎತ್ತಿಡಿ.

ಈ ಬರಹ ಮುಗಿಸುವ ಹೊತ್ತಿಗೆ ಚಿತ್ರದುರ್ಗದ ಗೆಳೆಯನೊಬ್ಬ ಫೋಟೊ ಕಳಿಸಿದ್ದಾನೆ, ಜಪಾನಿನಿಂದ ಬಂದ ಚೆಂದದ ಪ್ಲೇಯರ್ ಕಡಿಮೆಗೆ ಸಿಗುತ್ತಿದೆ, ತಗೊಳ್ಳಲಾ ಅಂತ. ಹಿಂದುಗಡೆಯ ಫೋಟೊ ಕಳಿಸು ಅಂದೆ. ವೈರ್ ಸೇರುವ ಜಾಗದ ಪಕ್ಕದಲ್ಲಿ 100 ವೋಲ್ಟ್ ಅಂತ ಬರೆದಿತ್ತು. ನಮ್ಮ 230ಕ್ಕೆ ನೇರ ಹಾಕಿದರೆ ಅದೇ ಕೊನೆ. ಟ್ರಾನ್ಸ್‌ಫಾರ್ಮರ್ ಬೇಕು ಅಂತ ಹೇಳಿ, ಒಳಗಿನ ಹೆಡ್ಡಿನ ನಂಬರ್ ಕೇಳು ಅಂದೆ. ಅವನು ಇನ್ನೂ ಕೇಳುತ್ತಿದ್ದಾನೆ.